2021ರ ವಾರ್ಡ್ ಜನಸಂಖ್ಯೆ ಅಂತ ಯಾರಾದರೂ ಮಾರಿದರೆ ಕೊಳ್ಳಬೇಡಿ

ಬೆಂಗಳೂರಿನ ಮೇಲೆ ಪಿಎಚ್‌ಡಿ ಮಾಡುತ್ತಿರುವವರು ದಯವಿಟ್ಟು ಇದನ್ನು ಓದಿ. ಒಂದು ಎಕ್ಸೆಲ್ ಫೈಲ್ ನಂಬಿ ನನ್ನ ಎಂಟು ತಿಂಗಳ ಕೆಲಸ ಹಾಳಾಯಿತು.

ನನ್ನ ವಿಷಯ ಕುಡಿಯುವ ನೀರು. ಯಾವ ವಾರ್ಡಿನಲ್ಲಿ ತಲಾ ಎಷ್ಟು ಲೀಟರ್ ಸಿಗುತ್ತದೆ ಅಂತ ಲೆಕ್ಕ ಹಾಕಲು ಜನಸಂಖ್ಯೆ ಬೇಕೇ ಬೇಕು. ಜನಗಣತಿಯ ಲೆಕ್ಕ 2011ಕ್ಕೇ ನಿಂತಿದೆ. 2021ರ ಗಣತಿ ಕೋವಿಡ್‌ನಿಂದ ಮುಂದಕ್ಕೆ ಹೋಯಿತು. ಸಂಶೋಧಕರಿಗೆ ಡೇಟಾ ಕೊಡುತ್ತೇವೆ ಎನ್ನುವ ಒಂದು ಸಂಸ್ಥೆಯವರು '198 ವಾರ್ಡ್, 2021, ಮನೆಮನೆ ಸರ್ವೆ' ಅಂದರು. 6,500 ರೂಪಾಯಿ ಕೊಟ್ಟು ತಗೊಂಡೆ.

ಕರಡು ಓದಿದ ಗೈಡ್ ಮೇಡಂ ಒಂದೇ ಮಾತು ಕೇಳಿದರು: "ಚಿಕ್ಕಪೇಟೆಯೂ ಹೊರಮಾವೂ ಒಂದೇ ಸಮ ಬೆಳೆದಿವೆಯೇನಮ್ಮಾ?" ಚಿಕ್ಕಪೇಟೆ ಹಳೇ ಊರಿನ ನಡುವೆ, ಹೊರಮಾವು ಹೊರವಲಯದಲ್ಲಿ.

ಆ ರಾತ್ರಿ 2011ರ ಕಾಲಂ ಪಕ್ಕದಲ್ಲಿಟ್ಟು ಭಾಗಿಸಿದೆ. 1.28. ಮುಂದಿನ ವಾರ್ಡ್, 1.28. 198 ಸಾಲಿನಲ್ಲೂ ಅದೇ. ಸರ್ವೆಯೂ ಇಲ್ಲ, ಏನೂ ಇಲ್ಲ. ಹಳೇ ಗಣತಿಯನ್ನು ಒಂದು ಸಂಖ್ಯೆಯಿಂದ ಗುಣಿಸಿ ಕೆಳಗಿನವರೆಗೂ ಎಳೆದಿದ್ದಾರೆ ಅಷ್ಟೇ. 2001ರಿಂದ 2011ರೊಳಗೆ ಬೆಂಗಳೂರು ನಗರ ಜಿಲ್ಲೆ ಶೇ 47ರಷ್ಟು ಬೆಳೆಯಿತು. ಅದರಲ್ಲಿ ಹೆಚ್ಚಿನದು ಹೊರವಲಯದ್ದು. ನೀರಿನ ಕಷ್ಟ ಇರುವುದೂ ಅಲ್ಲೇ ಅಲ್ವಾ? ಅಲ್ಲಿನ ಜನರನ್ನೇ ಕಡಿಮೆ ಎಣಿಸಿ ನಾನು ಅಧ್ಯಾಯ ಬರೆದಿದ್ದೆ. ನನಗೆ ದುಡ್ಡಿಗಿಂತ ಜಾಸ್ತಿ ನೋವಾಗಿದ್ದು ಅದಕ್ಕೆ.

ಸರ್ವೆಯ ಪ್ರಶ್ನಾವಳಿ ಕಳಿಸಿ ಅಂದೆ. "ಅದು ಗೌಪ್ಯ" ಅಂದರು. ಆಮೇಲೆ ಫೋನ್ ಎತ್ತಲಿಲ್ಲ. ಯಾರು, ಯಾವಾಗ, ಎಷ್ಟು ಮನೆ ಕೇಳಿದರು ಅಂತ ಬರೆದುಕೊಡದವರ ಡೇಟಾ ಮುಟ್ಟಲೇಬೇಡಿ.

ಇನ್ನೊಂದು ವಿಷಯ. ವಾರ್ಡ್ ನಂಬರ್ ಹಿಡಿದು ಎರಡು ಫೈಲ್ ಜೋಡಿಸಬೇಡಿ. 198 ಇದ್ದದ್ದು 2022ರಲ್ಲಿ 243 ಆಯಿತು, 2023ರಲ್ಲಿ 225. ಈಗ ಪಾಲಿಕೆಯೇ ಐದು ಆಗಿದೆ. ನಂಬರ್ ಒಂದೇ ಇದ್ದರೂ ಜಾಗ ಬೇರೆ. ಯಾವ ವರ್ಷದ ನಕ್ಷೆ ಅಂತ ಮೊದಲು ನೋಡಿ.

2011ರ ವಾರ್ಡ್ ಪಟ್ಟಿ ಜನಗಣತಿ ಇಲಾಖೆಯ ಜಾಲತಾಣದಲ್ಲಿ ಸುಮ್ನೆ ಸಿಗುತ್ತದೆ, ಕಾಸು ಕೊಡಬೇಕಿಲ್ಲ. ನಗರದ ಬೇರೆ ಅಂಕಿಅಂಶಕ್ಕೆ ಓಪನ್‌ಸಿಟಿ ಅನ್ನುವ ಜಾಲತಾಣ ನೋಡಿ. ಜಿಲ್ಲಾ ಮಟ್ಟದ್ದಕ್ಕೆ ಬಹುಮಹಡಿ ಕಟ್ಟಡದಲ್ಲಿರುವ (ಎಂ.ಎಸ್. ಬಿಲ್ಡಿಂಗ್) ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯಕ್ಕೆ ಹೋಗಿ. ಎಲ್ಲೂ ಸಿಗದಿದ್ದರೆ ಆರ್‌ಟಿಐ ಹಾಕಿ, ಅರ್ಜಿ ಶುಲ್ಕ 10 ರೂಪಾಯಿ. ತಡವಾಗಬಹುದು, ಆದರೆ ಅದರ ಮೇಲೆ ಇಲಾಖೆಯ ಸಹಿ ಇರುತ್ತದೆ.

ನನಗೆ ಮಾರಿದ ಫೈಲ್ ಇನ್ನೂ ಇಟ್ಟುಕೊಂಡಿದ್ದೇನೆ. ನಿಮಗೂ ಇಂಥದ್ದು ಬಂದಿದ್ದರೆ ಕೇಳಿ, ಹೋಲಿಸಿ ನೋಡೋಣ.