ರಾಮೆನ್‌ಗೆ ಯಾವ ನೂಡಲ್ಸ್? ಪ್ಯಾಕೆಟ್, ಹಸಿ, ಸೋಡಾ ಹಾಕಿದ ಸ್ಪಾಗೆಟ್ಟಿ ಮೂರನ್ನೂ ಬೇಯಿಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಬಿಸಿ ಸಾರಿನಲ್ಲಿ ಬಡಿಸುವ ಈ ಜಪಾನೀ ನೂಡಲ್ಸ್ ಖಾದ್ಯಕ್ಕೆ ನನ್ನ ಓಟು ಹಸಿ ನೂಡಲ್ಸ್‌ಗೆ. ಸೂಪರ್‌ಮಾರ್ಕೆಟ್ಟಿನಲ್ಲಿ ತೋಫು ಇಟ್ಟಿರುವ ತಂಪು ಸಾಲಿನಲ್ಲೇ ಸಿಗುತ್ತದೆ, ಇಲ್ಲಿಯವರು 'ನಾಮಾ-ಮೆನ್' ಅಂತಾರೆ. ನಾನಿರುವುದು ಟೋಕಿಯೋದ ನಿಶಿ-ಕಸಾಯ್‌ನಲ್ಲಿ. ಮೊಟ್ಟೆಗೆ ಅಡ್ಡಿಯಿಲ್ಲ, ಮಾಂಸ, ಮೀನು ಮುಟ್ಟುವುದಿಲ್ಲ. ಹೋಟೆಲಿನ ರಾಮೆನ್ ಸಾರು ಬಹುಪಾಲು ಹಂದಿ ಮೂಳೆ, ಕೋಳಿ ಮೂಳೆ ಅಥವಾ ಒಣ ಮೀನಿನದ್ದೇ ಆದ್ದರಿಂದ, ತಿನ್ನಬೇಕು ಅನ್ನಿಸಿದರೆ ಮನೆಯಲ್ಲೇ ಮಾಡಿಕೊಳ್ಳಬೇಕು.

ಮೂರಕ್ಕೂ ಸಾರು ಒಂದೇ ಇಟ್ಟುಕೊಂಡೆ. ಒಂದು ಲೀಟರ್ ನೀರಿಗೆ 10 ಗ್ರಾಂ ಕೊಂಬು, ಅಂದರೆ ಒಣಗಿಸಿದ ಕಡಲಪಾಚಿ, ಜೊತೆಗೆ ನಾಲ್ಕು ಒಣ ಶಿಟಾಕೆ ಅಣಬೆ. ರಾತ್ರಿಯಿಡೀ ಫ್ರಿಜ್ಜಿನಲ್ಲಿ ನೆನೆಸಿಟ್ಟು, ಮಾರನೇ ದಿನ ಸಣ್ಣ ಉರಿಯಲ್ಲಿ ಕಾಯಿಸಿ, ಕುದಿ ಬರುವ ಮುಂಚೆ ಕೊಂಬು ತೆಗೆದುಬಿಡಬೇಕು. 1908ರಲ್ಲಿ ಕಿಕುನಾಎ ಇಕೆದಾ ಎಂಬ ರಸಾಯನಶಾಸ್ತ್ರಜ್ಞರು ಗ್ಲುಟಮೇಟನ್ನು ಬೇರ್ಪಡಿಸಿ, ಅದರ ರುಚಿಗೆ 'ಉಮಾಮಿ' ಎಂದು ಹೆಸರಿಟ್ಟದ್ದು ಇದೇ ಕೊಂಬುವಿನಿಂದ. ಒಣ ಶಿಟಾಕೆಯಲ್ಲಿರುವುದು ಗ್ವಾನಿಲೇಟ್, ಅದೇ ರುಚಿ ಕೊಡುವ ಇನ್ನೊಂದು ವಸ್ತು. ಎರಡೂ ಕೂಡಿದರೆ ರುಚಿ ಹಲವು ಪಟ್ಟು ಏರುತ್ತದೆ, ಮೂಳೆಯ ಕೊರತೆ ಗೊತ್ತೇ ಆಗುವುದಿಲ್ಲ. ಇದಕ್ಕೆ ಮಿಸೊ (ಸೋಯಾ ಕಾಳು ಹುದುಗಿಸಿ ಮಾಡಿದ ಉಪ್ಪುಪ್ಪು ಪೇಸ್ಟು), ಹುರಿದು ನುಣ್ಣಗೆ ಅರೆದ ಬಿಳಿ ಎಳ್ಳು, ಒಂದು ಲೋಟ ಸಪ್ಪೆ ಸೋಯಾ ಹಾಲು. ಮಿಸೊ ಡಬ್ಬಿಯ ಹಿಂಬದಿ ಓದದೆ ಕೊಳ್ಳಬೇಡಿ, 'ದಾಶಿ-ಇರಿ' ಎಂದಿದ್ದರೆ ಸಾಮಾನ್ಯವಾಗಿ ಮೀನಿನ ಸಾರ ಬೆರೆತಿರುತ್ತದೆ.

ಕರಿದ ಪ್ಯಾಕೆಟ್ ನೂಡಲ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದೇ ಪಾತ್ರೆ, ಮೂರು ನಿಮಿಷ. 1958ರಲ್ಲಿ ಮೊಮೊಫುಕು ಆಂಡೊ ಮಾರುಕಟ್ಟೆಗೆ ತಂದದ್ದು ಈ ಉಪಾಯವನ್ನೇ: ಕರಿದಾಗ ನೀರಿನಂಶ ಹಾರಿ ಎಳೆಯ ತುಂಬ ಸಣ್ಣ ತೂತುಗಳು ಉಳಿಯುತ್ತವೆ, ಬಿಸಿನೀರು ಅವಕ್ಕೆ ನುಗ್ಗುವುದರಿಂದ ಅಷ್ಟು ಬೇಗ ಮೆತ್ತಗಾಗುತ್ತದೆ. ಆದರೆ ಆ ಎಣ್ಣೆ ಸಾರಿಗಿಳಿಯುತ್ತದೆ. ರಾತ್ರಿಯೆಲ್ಲ ನೆನೆಸಿ ತೆಗೆದ ಕೊಂಬುವಿನ ಪರಿಮಳ ಅದರಡಿ ಮುಚ್ಚಿಹೋಗುತ್ತದೆ. ಒಳಗಿನ ಮಸಾಲೆ ಪೊಟ್ಟಣದಲ್ಲಿ ಮಾಂಸದ ಸಾರ ಇದ್ದದ್ದರಿಂದ ಅದನ್ನೂ ಎಸೆದೆ. ದುಡ್ಡು ಕೊಟ್ಟು ತಂದದ್ದರಲ್ಲಿ ಅರ್ಧ ಕಸಕ್ಕೆ ಹೋಯಿತು.

ಇನ್ನು ಹಸಿ ನೂಡಲ್ಸ್. ರುಚಿಯಲ್ಲಿ ಇದಕ್ಕೆ ಸಾಟಿಯಿಲ್ಲ, ಆದರೆ ಇದು ನನ್ನನ್ನು ಎರಡು ಸಲ ಸೋಲಿಸಿತು. ಮೊದಲ ಸಲ ಸಣ್ಣಂದಿನಿಂದ ಮ್ಯಾಗಿ ಮಾಡಿದ ರೂಢಿಯಲ್ಲೇ ಕುದಿಯುವ ಸಾರಿಗೆ ನೇರವಾಗಿ ಹಾಕಿದೆ. ಎಳೆಗಳು ಒಂದಕ್ಕೊಂದು ಅಂಟದಿರಲಿ ಎಂದು ಮೇಲೆ ಪಿಷ್ಟದ ಹಿಟ್ಟು ಉದುರಿಸಿರುತ್ತಾರೆ. ಅದು ಸಾರಿಗೆ ಬಿಟ್ಟುಕೊಂಡು ಗೋಂದಿನಂತಾಯಿತು. ಅದಕ್ಕಿಂತ ಕೆಟ್ಟದ್ದು ವಾಸನೆ. ಮಿಸೊ, ಎಳ್ಳು ಎಲ್ಲಾ ಹೋಗಿ ಬಾಯಿತುಂಬ ಚೌಳು.

ಅದರ ಮೂಲ 'ಕನ್ಸುಯ್'. ರಾಮೆನ್ ಹಿಟ್ಟಿಗೆ ಹಾಕುವ ಈ ಕ್ಷಾರದಲ್ಲಿರುವುದು ಮುಖ್ಯವಾಗಿ ಸೋಡಿಯಂ ಕಾರ್ಬೊನೇಟ್, ಪೊಟ್ಯಾಸಿಯಂ ಕಾರ್ಬೊನೇಟ್. ನಮ್ಮಲ್ಲಿ ಉದ್ದಿನ ಹಪ್ಪಳದ ಹಿಟ್ಟಿಗೆ ಖಾರ ಹಾಕುತ್ತಾರಲ್ಲ, ಮೆಣಸಿನಕಾಯಿಯದ್ದಲ್ಲ, ಪಾಪಡ್ ಖಾರ, ಅದೇ ಜಾತಿಯದ್ದು. ನೂಡಲ್ಸ್‌ಗೆ ಹಳದಿ ಬಣ್ಣ, ಜಗಿದರೆ ಚಿಮ್ಮುವ ಗಟ್ಟಿತನ ಎರಡೂ ಬರುವುದು ಇದರಿಂದಲೇ. ಆದರೆ ಹೆಚ್ಚಾದ ಕ್ಷಾರ ಬೇಯಿಸಿದ ನೀರಿನಲ್ಲಿ ಇಳಿದು, ಆ ನೀರು ಚೆಲ್ಲಿಹೋಗಬೇಕು. ಅಂದರೆ ಬೇಯಿಸಲು ಬೇರೆ ಪಾತ್ರೆ, ತುಂಬ ನೀರು.

ನನ್ನ ಮನೆಯಲ್ಲಿ ಒಲೆ ಒಂದೇ. ಎರಡನೇ ಸಲ ನೂಡಲ್ಸ್ ಮೊದಲು ಬೇಯಿಸಿ ಬಸಿದಿಟ್ಟು, ಆಮೇಲೆ ಸಾರು ಬಿಸಿಗಿಟ್ಟೆ. ಸಾರು ಕಾಯುವಷ್ಟರಲ್ಲಿ ನೂಡಲ್ಸ್ ತಣ್ಣಗಾದ ಒತ್ತು ಶ್ಯಾವಿಗೆಯ ಹಾಗೆ ಹಿಡಿದುಕೊಂಡು ಜರಡಿಯ ಆಕಾರದಲ್ಲೇ ಉಂಡೆಯಾಗಿ ಎದ್ದು ಬಂತು. ಸಾರಿಗೆ ಹಾಕಿದರೂ ಬಿಡಿಸಿಕೊಳ್ಳಲಿಲ್ಲ.

ಮೂರನೇ ಸಲ ಕೈಹಿಡಿದದ್ದು ಕಾಫಿ ಫ್ಲಾಸ್ಕು. ಸಾರನ್ನು ಮೊದಲೇ ಚೆನ್ನಾಗಿ ಕಾಯಿಸಿ ಫ್ಲಾಸ್ಕಿಗೆ ತುಂಬಿ ಮುಚ್ಚಿದೆ. ಮಿಸೊ, ಎಳ್ಳು ಬಟ್ಟಲಿನ ತಳದಲ್ಲಿ ಕಾಯುತ್ತಿದ್ದವು. ಒಲೆ ಖಾಲಿಯಾದ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಕೊತಕೊತ ಕುದಿಸಿ, ಹಿಟ್ಟು ಕೊಡವಿ ನೂಡಲ್ಸ್ ಬಿಟ್ಟೆ. ಅದು ಬೇಯುವ ಎರಡು ನಿಮಿಷದಲ್ಲಿ ಫ್ಲಾಸ್ಕಿನ ಸಾರು ಸುರಿದು ಮಿಸೊ ಕದಡಿದೆ. ಜರಡಿಯಲ್ಲಿ ಎತ್ತಿ, ನೀರು ಒಂದು ಹನಿಯೂ ಉಳಿಯದ ಹಾಗೆ ನಾಲ್ಕು ಸಲ ಜಾಡಿಸಿ ಬಟ್ಟಲಿಗಿಳಿಸಿದೆ. ಎಳೆ ಎಳೆ ಬಿಡಿ, ಸಾರು ತಿಳಿ. ಅವತ್ತಿನಿಂದ ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಇದೇ ಊಟ.

ಒಂದು ಎಚ್ಚರ: ಅದೇ ಸಾಲಿನಲ್ಲಿ ಯಾಕಿಸೊಬಾಕ್ಕೆಂದು ಮೊದಲೇ ಹಬೆಯಲ್ಲಿ ಬೇಯಿಸಿದ ನೂಡಲ್ಸ್ ಕೂಡ ಇರುತ್ತದೆ, ನೋಡಲು ಹೆಚ್ಚುಕಡಿಮೆ ಒಂದೇ. ಎಲೆಕೋಸು ಹಾಕಿ ಬಾಣಲೆಯಲ್ಲಿ ಹುರಿಯಲು ಅದು ಚೆನ್ನ, ಸಾರಿಗೆ ಹಾಕಿದರೆ ಮುದ್ದೆಯಾಗುತ್ತದೆ.

ಸೋಡಾ ಸ್ಪಾಗೆಟ್ಟಿ ಮಾಡಿದ್ದು ರಜೆಯಲ್ಲಿ ಮೈಸೂರಿಗೆ ಹೋದಾಗ. ಅಮ್ಮ ನೋಡಿ, "ಏನೋ ಇದು, ಶ್ಯಾವಿಗೆಗೆ ಸೋಡಾ ಹಾಕ್ತಾರೇನೋ?" ಅಂದರು. ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ, ಆದಷ್ಟು ತೆಳು ಸ್ಪಾಗೆಟ್ಟಿ. ಕುದಿಯುವ ನೀರಿನಲ್ಲಿ ಅಡುಗೆ ಸೋಡಾ ಮೆಲ್ಲಗೆ ಕಾರ್ಬೊನೇಟಾಗಿ ಬದಲಾಗುತ್ತಾ ಕನ್ಸುಯ್‌ನ ಕೆಲಸ ಮಾಡುತ್ತದೆ. ಸೋಡಾವನ್ನು ಚಿಟಿಕೆ ಚಿಟಿಕೆಯಾಗಿ ಹಾಕಿ, ಒಟ್ಟಿಗೆ ಸುರಿದರೆ ಹಾಲಿನಂತೆ ಉಕ್ಕಿ ಒಲೆಯೆಲ್ಲ ಹರಿಯುತ್ತದೆ. ಪಾತ್ರೆ ಸ್ಟೀಲಿನದ್ದೇ ಇರಲಿ, ಕ್ಷಾರಕ್ಕೆ ಅಲ್ಯುಮಿನಿಯಂ ಕಪ್ಪಾಗುತ್ತದೆ. ಬಣ್ಣ, ವಾಸನೆ ಎರಡೂ ರಾಮೆನ್‌ಗೆ ಆಶ್ಚರ್ಯವಾಗುವಷ್ಟು ಹತ್ತಿರ ಬಂದವು. ಆದರೆ ಎಳೆ ದುಂಡಗೆ, ನುಣುಪು, ಗುಂಗುರಿಲ್ಲ. ಸಾರನ್ನು ಹಿಡಿದುಕೊಂಡು ಬಾಯಿಗೆ ಬರುವುದಿಲ್ಲ. ಊರಿನಲ್ಲಿದ್ದು ರಾಮೆನ್ ಆಸೆಯಾದರೆ ನಾನು ಇದನ್ನೇ ಮಾಡುತ್ತೇನೆ, ದುಬಾರಿ ಆಮದು ಪ್ಯಾಕೆಟ್ಟಿಗೆ ಕೈಹಾಕುವುದಿಲ್ಲ. ಕೊಂಬು, ಶಿಟಾಕೆ ಮಾತ್ರ ಇಲ್ಲಿಂದ ಒಯ್ಯುತ್ತೇನೆ, ಎರಡೂ ಹಗುರ, ಕೆಡುವುದಿಲ್ಲ.

ಟೋಕಿಯೋದಲ್ಲಿರುವಾಗ ಹಸಿಯದ್ದೇ. ಸಾರಿನ ಪೊಟ್ಟಣವಿಲ್ಲದ, ಬರೀ ನೂಡಲ್ಸ್ ಇರುವ ಕಟ್ಟು ಹುಡುಕಿ ತರುತ್ತೇನೆ, ಬೇಡದ ಮಾಂಸದ ಸಾರಕ್ಕೆ ದುಡ್ಡು ಕೊಡುವುದು ತಪ್ಪುತ್ತದೆ. ಬೇಗ ಕೆಡುವುದೊಂದೇ ತಕರಾರು. ಅದಕ್ಕೆ ತಂದ ದಿನವೇ ಒಬ್ಬೊಬ್ಬರ ಪಾಲು ಬೇರೆ ಬೇರೆ ಸುತ್ತಿ ಫ್ರೀಜರಿಗೆ ಹಾಕುತ್ತೇನೆ. ಕರಗಿಸದೆ ಹಾಗೇ ಕುದಿಯುವ ನೀರಿಗೆ ಬಿಡಿ. ಚಾಪ್‌ಸ್ಟಿಕ್‌ನಿಂದ ಕೂಡಲೇ ಬಿಡಿಸಲು ಹೋದರೆ ಎಳೆ ತುಂಡಾಗುತ್ತದೆ. 30 ಸೆಕೆಂಡ್ ಸುಮ್ಮನಿದ್ದು, ತಾನೇ ಸಡಿಲವಾದ ಮೇಲೆ ಕದಡಿ.