ಹಳೇ ಸ್ಪ್ಯಾನಿಶ್ ಚೇರ್ ಕೊಳ್ಳೋರು ಮೊದಲು ಅದನ್ನ ಬೋರಲು ಹಾಕಿ ನೋಡಿ

ಕೋಪನ್‌ಹೇಗನ್ ಕಡೆ ಹಳೇ ಡ್ಯಾನಿಶ್ ಕುರ್ಚಿ ಹುಡುಕ್ತಿರೋ ನಮ್ಮವರು ಇದನ್ನ ಓದಿ, ಆಮೇಲೆ ದುಡ್ಡು ಕಳಿಸಿ. ನಾನು ಕೊಂಡಿದ್ದು ಎರಡು ಸ್ಪ್ಯಾನಿಶ್ ಚೇರ್ (ಹೆಸರಷ್ಟೇ ಸ್ಪ್ಯಾನಿಶ್, ಕುರ್ಚಿ ಡ್ಯಾನಿಶ್ಶೇ), ಜೋಡಿಗೆ 24,000 ಕ್ರೋನರ್. ಒಂದಕ್ಕೆ ಈಗ ಸೀಟೇ ಇಲ್ಲ. ಬರೆಯೋಕೆ ನಾಚಿಕೆ ಆಗುತ್ತೆ, ಯಾಕಂದ್ರೆ ಎಲ್ಲಿ ನೋಡಬೇಕು ಅಂತ ಗೊತ್ತಿದ್ದೂ ನೋಡಲಿಲ್ಲ.

ಕುರ್ಚಿ ನಕಲಿ ಅಲ್ಲ. ಡ್ಯಾನಿಶ್ ವಿನ್ಯಾಸಕಾರ ಬೋರ್ಗೆ ಮೊಗೆನ್ಸೆನ್ 1958ರಲ್ಲಿ ವಿನ್ಯಾಸ ಮಾಡಿದ್ದು, ಫ್ರೆಡೆರಿಸಿಯಾ ಕಂಪನಿಯ 2226 ಮಾಡೆಲ್ಲೇ. ಗಟ್ಟಿ ಓಕ್, ಕಾಫಿ ಲೋಟ ಇಡೋಷ್ಟು ಅಗಲದ ಕೈಗಳು, ಒಂದು ಕೀಲೂ ಅಲುಗಲ್ಲ. ಮರ ನೋಡಿ ಮರುಳಾದೆ. ಮೋಸ ಇದ್ದದ್ದು ಚರ್ಮದಲ್ಲಿ.

ಈ ಕುರ್ಚಿಗೆ ಸ್ಪ್ರಿಂಗು, ಫೋಮು, ದಿಂಬು ಏನೂ ಇಲ್ಲ. ಕುದುರೆ ಜೀನು ಮಾಡೋ ಥರದ ದಪ್ಪ ಚರ್ಮ, ಸೀಟಿಗೊಂದು ಬೆನ್ನಿಗೊಂದು. ಸೀಟಿನದನ್ನ ಅಡಿಯಲ್ಲಿ, ಬೆನ್ನಿನದನ್ನ ಹಿಂದೆ ಪಟ್ಟಿ-ಬಕಲ್ ಹಾಕಿ ಬಿಗಿದಿರ್ತಾರೆ. ಚರ್ಮ ಹಿಗ್ಗಿದ ಹಾಗೆ ಒಂದೊಂದು ತೂತು ಬಿಗಿ ಮಾಡ್ತಾ ಹೋಗೋದು. ಅಂದ್ರೆ ಕೂತವರ ಭಾರವೆಲ್ಲ ಆ ತೂತುಗಳ ಮೇಲೆ.

"ಅರವತ್ತು ವರ್ಷ ಬಿಸಿಲು ಕುಡಿದು ಬಂದ ಬಣ್ಣ, ಮೂಲ ಚರ್ಮ" ಅಂದಿದ್ದ ಮಾರಿದವನು. ಹದಿನಾಲ್ಕು ಫೋಟೋ ಕಳಿಸಿದ, ಅಡಿಯದು ಒಂದೂ ಇಲ್ಲ. ಎರಡು ಸಲ ಕೇಳಿದೆ. "ಅಡಿಯಲ್ಲಿ ಏನಿರುತ್ತೆ, ಬರೀ ಬೆಲ್ಟು" ಅಂದ. ಬರೀ ಬೆಲ್ಟಂತೆ! ಅಲ್ಲೇ ಬಿಟ್ಟು ಬರಬೇಕಿತ್ತು. ಅವನ ಮನೆಗೆ ಹೋದಾಗಲೂ ಮಗುಚಿ ನೋಡದೆ ಮೊಬೈಲ್‌ಪೇನಲ್ಲಿ ದುಡ್ಡು ಕಳಿಸಿದೆ.

ಮೂರನೇ ದಿನ ಸೀಟು ಜೋತಿದೆ ಅನ್ನಿಸ್ತು. ಒಂದು ತೂತು ಬಿಗಿ ಮಾಡೋಣ ಅಂತ ಬೋರಲು ಹಾಕಿದರೆ ಬಕಲ್ ಆಗಲೇ ಕೊನೇ ತೂತಿನಲ್ಲಿ. ಬಿಚ್ಚೋಕೆ ಪಟ್ಟಿ ಹಿಂದಕ್ಕೆ ಬಗ್ಗಿಸಿದೆ, ಹಪ್ಪಳ ಮುರಿದ ಹಾಗೆ ತೂತಿನ ಹತ್ತಿರ ಮುರೀತು. ನೆಲದ ಮೇಲೆಲ್ಲ ಇಟ್ಟಿಗೆ ಪುಡಿ ಥರ ಕೆಂಪು ಧೂಳು. ಮೇಲೆ ಮಿರಮಿರ ಮಿಂಚೋ ಕಂದು, ಒಳಗೆ ಬರೀ ಪುಡಿ. ಇನ್ನೊಂದು ಕಂಡಿದ್ದು ಆಗಲೇ: ಬಕಲ್ ಮುಚ್ಚಿದ್ದ ಜಾಗವೂ ಅದೇ ಗಾಢ ಕಂದು. ಬಿಸಿಲಿಗೆ ಬಂದ ಬಣ್ಣ ಬಕಲ್ ಕೆಳಗೆ ಹೇಗೆ ಹೋಗುತ್ತೆ? ಅಲ್ಲಿ ಚರ್ಮ ತಿಳಿಯಾಗಿ ಇರಲೇಬೇಕು. ಹಿತ್ತಾಳೆ ಅಂಚಿಗೂ ಬಣ್ಣ ಮೆತ್ತಿಕೊಂಡಿತ್ತು. ಎಂಥಾ ಬೆಪ್ಪು ನಾನು.

ತೊಗಟೆಯ ರಸದಲ್ಲಿ ಹದ ಮಾಡಿದ ಚರ್ಮಕ್ಕೆ ಬರೋ ರೋಗ ಇದು, ರೆಡ್ ರಾಟ್ ಅಂತಾರೆ. ಕೊಳಕು ಗಾಳಿಯ ಗಂಧಕ ವರ್ಷಗಟ್ಟಲೆ ಚರ್ಮದೊಳಗೆ ಆಮ್ಲವಾಗಿ ನಾರನ್ನೇ ತಿನ್ನುತ್ತೆ; ಹೀಟರ್ ಪಕ್ಕ ಇಟ್ಟರೆ ಇನ್ನೂ ಬೇಗ. ಎಣ್ಣೆ ಹಚ್ಚಿದರೆ ಕಪ್ಪಾಗುತ್ತೆ, ಗಟ್ಟಿ ಆಗಲ್ಲ. ಹಳೇ ಪುಸ್ತಕದ ಚರ್ಮದ ರಟ್ಟಿಗೆ ಹಚ್ಚೋ ಕ್ಲೂಸೆಲ್ ಜಿ ಅನ್ನೋ ದ್ರಾವಣ ಹಚ್ಚಿದರೂ ಪುಡಿ ಉದುರೋದು ನಿಲ್ಲುತ್ತೆ ಅಷ್ಟೇ, ಆಳಿನ ಭಾರ ಹೊರಲ್ಲ. ಸೀಟಿನ ಚರ್ಮ ಪೂರ್ತಿ ಹೊಸದು ಹಾಕಿಸಬೇಕು.

ಅವನಿಗೆ ಫೋಟೋ ಕಳಿಸಿದೆ. "ನೀವು ಜಾಸ್ತಿ ಎಳೆದಿರಬೇಕು." ಕೊನೇ ತೂತಿನಲ್ಲಿರೋದನ್ನ ಎಲ್ಲಿಗೆ ಎಳೀಲಿ ಅಂದೆ. "ಅರವತ್ತು ವರ್ಷದ ಚರ್ಮ, ಹೊಸದರ ಹಾಗೆ ಇರುತ್ತಾ?" ಕೊಳ್ಳೋವಾಗ ಅರವತ್ತು ವರ್ಷ ಅನ್ನೋದು ಹೆಚ್ಚುಗಾರಿಕೆ, ಮುರಿದಾಗ ಅದೇ ನೆಪ! ಬಣ್ಣ ಯಾಕೆ ಬಳಿದ್ರಿ ಅಂದರೆ "ಬಣ್ಣ ಅಲ್ಲ, ಕ್ರೀಮು. ಚರ್ಮಕ್ಕೆ ಆಹಾರ." ಬಕಲ್ಲಿಗೂ ಉಣಿಸಿದ್ದಾನೆ ಪುಣ್ಯಾತ್ಮ. ಆಮೇಲೆ "ನೀವು ನೋಡಿಯೇ ತಗೊಂಡ್ರಲ್ಲ", ಒಂದು ಹೆಬ್ಬೆರಳಿನ ಚಿತ್ರ, ಅಷ್ಟೇ. ಉತ್ತರ ಬಂದ್.

ಕೊಳ್ಳೋದಾದ್ರೆ ಕುರ್ಚಿ ಬೋರಲು ಹಾಕಿಸಿ. ಬಿಗಿ ಮಾಡೋಕೆ ಇನ್ನೆಷ್ಟು ತೂತು ಉಳಿದಿವೆ ಎಣಿಸಿ. ಒಂದೂ ಇಲ್ಲದಿದ್ದರೆ ಹೊಸ ಚರ್ಮದ ಖರ್ಚು ಕಳೆದು ಬೆಲೆ ಮಾತಾಡಿ. ಒಂದು ಬಕಲ್ ಅವನ ಕೈಯಿಂದಲೇ ಬಿಚ್ಚಿಸಿ, ಮುರಿದರೆ ಅವನದ್ದೇ ಮುರೀಲಿ. ಪಟ್ಟಿಯ ಒಳಮೈಗೆ ಬಿಳಿ ಬಟ್ಟೆ ಉಜ್ಜಿ, ಕೆಂಪು ಪುಡಿ ಹತ್ತಿದರೆ ಎದ್ದು ಬನ್ನಿ. ಕಾಣದ ಮೂಲೆಗೆ ಒಂದು ಹನಿ ನೀರು ಬಿಟ್ಟರೆ ಬರಿ ಚರ್ಮ ಹೀರಿಕೊಂಡು ಕಪ್ಪಾಗುತ್ತೆ, ಬಣ್ಣ ಬಳಿದದ್ದರ ಮೇಲೆ ಮುತ್ತಿನ ಹಾಗೆ ನಿಲ್ಲುತ್ತೆ. ಮೇಣ ಹಚ್ಚಿದ್ರೂ ಹೀಗೇ ನಿಲ್ಲೋದ್ರಿಂದ ಇದೊಂದನ್ನೇ ನಂಬಬೇಡಿ. ಅಡಿಯ ಫೋಟೋ ಕೊಡದವನ ಹತ್ತಿರ ಹೋಗಲೇಬೇಡಿ.

ಎರಡನೇ ಕುರ್ಚಿಯ ಬಕಲ್ ಮುಟ್ಟೋಕೆ ಇನ್ನೂ ಧೈರ್ಯ ಬಂದಿಲ್ಲ. ಅದೂ ಕೊನೇ ತೂತಿನಲ್ಲೇ ಇದೆ.