ಪಿಯುಸಿ ಆದ್ಮೇಲೆ ಫಾರಿನ್ ಎಲ್‌ಎಲ್‌ಬಿಗೆ ದುಡ್ಡು ಕಟ್ಟೋರು ದಯವಿಟ್ಟು ಓದಿ

ನಮ್ಮಕ್ಕನ ಮಗ ಇಂಗ್ಲೆಂಡಲ್ಲಿ ಎಲ್‌ಎಲ್‌ಬಿ ಮುಗಿಸ್ಕೊಂಡು ಬಂದಿದಾನೆ, ಆದ್ರೆ ಇವತ್ತಿಗೂ ಕರಿ ಕೋಟ್ ಹಾಕೋಕೆ ಆಗ್ತಿಲ್ಲ. ಹುಡುಗ ಚೆನ್ನಾಗೇ ಓದಿದಾನೆ, ಯೂನಿವರ್ಸಿಟಿನೂ ನಕಲಿ ಅಲ್ಲ. ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಯವರು "ಇಲ್ಲಾದ್ರೆ ಐದು ವರ್ಷ, ಅಲ್ಲಿ ಮೂರೇ ವರ್ಷ ಮೇಡಂ, ವಾಪಸ್ ಬಂದು ಸೀದಾ ಹೈಕೋರ್ಟಲ್ಲಿ ಪ್ರಾಕ್ಟೀಸ್ ಮಾಡಬಹುದು" ಅಂದ್ರು, ಅಕ್ಕ ಹಾಸನದ ಸೈಟ್ ಅಡ ಇಟ್ಟು ಲೋನ್ ತಗೊಂಡ್ಲು.

ಎನ್‌ರೋಲ್‌ಮೆಂಟ್, ಅಂದ್ರೆ ವಕೀಲನಾಗಿ ಹೆಸರು ನೋಂದಾಯಿಸೋದು, ವಿಚಾರಿಸೋಕೆ ಹೋದಾಗ ನಾನೂ ಜೊತೇಲಿದ್ದೆ. ಕೌಂಟರಲ್ಲಿದ್ದೋರು ಪಿಯುಸಿ ಮಾರ್ಕ್ಸ್ ಕಾರ್ಡ್ ಪಕ್ಕದಲ್ಲಿ ಎಲ್‌ಎಲ್‌ಬಿ ಸರ್ಟಿಫಿಕೇಟ್ ಇಟ್ಕೊಂಡು ಎರಡರ ಇಸವಿ ಮೇಲೂ ಬೆರಳಿಟ್ಟು, "ಇದರ ಮಧ್ಯದ ಡಿಗ್ರಿ ಎಲ್ಲಪ್ಪ?" ಅಂತ ಕೇಳಿದ್ರು. ನಮ್ಮಲ್ಲಿ ಡಿಗ್ರಿ ಆದ್ಮೇಲೆ ಮೂರು ವರ್ಷದ ಎಲ್‌ಎಲ್‌ಬಿ, ಇಲ್ಲಾ ಪಿಯುಸಿ ಆದ್ಮೇಲೆ ಐದು ವರ್ಷದ ಕೋರ್ಸ್, ಇದೇ ಲೆಕ್ಕ. ಪಿಯುಸಿ ಆದ ತಕ್ಷಣ ಮೂರೇ ವರ್ಷ ಓದಿ ಬಂದೋರಿಗೆ ವಕೀಲರ ನಿಯಮ ನೋಡ್ಕೊಳ್ಳೋ ಬಾರ್ ಕೌನ್ಸಿಲ್ ಆಫ್ ಇಂಡಿಯಾ (ಬಿಸಿಐ) ಆ ಕೊರತೆ ತುಂಬೋಕೆ ಎರಡು ವರ್ಷದ ಬ್ರಿಡ್ಜ್ ಕೋರ್ಸ್ ಮಾಡಿ ಅನ್ನುತ್ತೆ, ಅದರ ಮೇಲೆ ಕ್ವಾಲಿಫೈಯಿಂಗ್ ಎಕ್ಸಾಂ, ಬ್ರಿಡ್ಜ್ ಮಾಡಿದ್ಮೇಲೂ ಮತ್ತೆ ಪರೀಕ್ಷೆ ಯಾಕೆ ಅಂತ ಕೆಲವರು ಹೈಕೋರ್ಟ್ ಮೆಟ್ಟಿಲೂ ಹತ್ತಿದಾರೆ. ಇದೆಲ್ಲಾ ದಾಟಿ ಎನ್‌ರೋಲ್ ಆದ್ರೆ ಎಲ್ಲರಿಗೂ ಇರೋ ಎಐಬಿಇ (ಆಲ್ ಇಂಡಿಯಾ ಬಾರ್ ಎಕ್ಸಾಂ) ಬೇರೆ. ಉಳೀತದೆ ಅಂದಿದ್ದ ಎರಡು ವರ್ಷ ಎಲ್ಲಿ ಉಳೀತು ಹೇಳಿ? ಅವನ ಜೊತೆ ಪಿಯುಸಿ ಓದಿ ಇಲ್ಲೇ ಕೆಎಸ್‌ಎಲ್‌ಯು (ಕರ್ನಾಟಕ ರಾಜ್ಯ ಕಾನೂನು ವಿವಿ) ಕಾಲೇಜಿಗೆ ಸೇರಿದ ಹುಡುಗಿ ಆಗ್ಲೇ ಸೀನಿಯರ್ ಹತ್ರ ಕೇಸ್ ಫೈಲ್ ನೋಡ್ಕೋತಿದಾಳೆ, ಅವಳನ್ನ ನೋಡಿದಾಗೆಲ್ಲ ಅಕ್ಕನಿಗೆ ಹೊಟ್ಟೆ ಉರಿಯಲ್ಲ, ಸಂಕಟ ಆಗುತ್ತೆ.

ಆನ್‌ಲೈನ್ ಎಲ್‌ಎಲ್‌ಬಿ ಅಂತ ಯಾರಾದ್ರೂ ಹೇಳಿದ್ರೆ ಇನ್ನೂ ಹುಷಾರು, ಮನೇಲಿ ಕೂತು ಓದಿದ ಲಾ ಡಿಗ್ರಿ ಇಟ್ಕೊಂಡು ಇಲ್ಲಿ ವಕೀಲರಾಗೋಕಾಗಲ್ಲ.

ಇಲ್ಲಿಂದ ಹೊರಗೆ ಹೋಗೋರ ಕಥೆನೂ ಒಂದೇ ಥರ ಇಲ್ಲ. ಇಂಗ್ಲೆಂಡಲ್ಲಿ ಸಾಲಿಸಿಟರ್ (ಅಲ್ಲಿನ ಒಂದು ಥರದ ವಕೀಲರು) ಆಗೋಕೆ 2021ರಿಂದ ಎಸ್‌ಕ್ಯೂಇ ಪರೀಕ್ಷೆ ಇದೆ, ನಮ್ಮ ಡಿಗ್ರಿ ಇದ್ದೋರೂ ಬರೀಬಹುದು, ಅಲ್ಲೇ ಮತ್ತೆ ಎಲ್‌ಎಲ್‌ಬಿ ಓದಬೇಕು ಅಂತೇನಿಲ್ಲ. ನ್ಯೂಯಾರ್ಕಿಗೆ ಎಷ್ಟೋ ಜನ ಎಲ್‌ಎಲ್‌ಎಂ (ಲಾ ಮಾಸ್ಟರ್ಸ್) ಮಾಡ್ಕೊಂಡು ಬಾರ್ ಎಕ್ಸಾಂ ಬರೀತಾರೆ, ಆದ್ರೆ ಯಾವ ಎಲ್‌ಎಲ್‌ಎಂ ಆದ್ರೂ ನಡೆಯಲ್ಲ, ಕನಿಷ್ಠ 24 ಕ್ರೆಡಿಟ್ ಇರಬೇಕು, ಅವರು ಹೇಳಿದ ಸಬ್ಜೆಕ್ಟ್‌ಗಳು ಅದರೊಳಗೆ ಇರಬೇಕು. ಕೆನಡಾದಲ್ಲಿ ಎನ್‌ಸಿಎ ಅನ್ನೋರು ನಮ್ಮ ಮಾರ್ಕ್ಸ್ ಕಾರ್ಡ್ ನೋಡಿ ಇನ್ನೂ ಯಾವ್ಯಾವ ಪರೀಕ್ಷೆ ಬರೀಬೇಕು ಅಂತ ಹೇಳ್ತಾರೆ. ಅದಕ್ಕೆ ಮಗು ಯಾವ ದೇಶದ ಕೋರ್ಟಲ್ಲಿ ನಿಲ್ಲಬೇಕು ಅನ್ನೋದನ್ನ ಮೊದಲು ಮನೇಲಿ ಕೂತು ಮಾತಾಡಿ, ಆಮೇಲೆ ಕಾಲೇಜು.

ವಾಪಸ್ ಬರೋ ಯೋಚನೆ ಇದ್ರೆ ಬಿಸಿಐ ಮಾನ್ಯತೆ ಇರೋ ವಿದೇಶಿ ಯೂನಿವರ್ಸಿಟಿಗಳ ಪಟ್ಟಿ ನೋಡಿ, ಬರೀ ಯೂನಿವರ್ಸಿಟಿ ಹೆಸರಲ್ಲ, ನಿಮ್ಮ ಕೋರ್ಸೂ ಅದರಲ್ಲಿದೆಯಾ ಅಂತ. ಕನ್ಸಲ್ಟೆನ್ಸಿಯವರು ಏನೇ ಹೇಳಿದ್ರೂ ಲೆಟರ್‌ಹೆಡ್ಡಲ್ಲಿ ಸೈನ್ ಹಾಕಿ ಬರ್ಕೊಡಿ ಅನ್ನಿ. ನಮಗೆ ಹೇಳಿದ್ದೆಲ್ಲಾ ಬಾಯ್ಮಾತು, ವಾಟ್ಸಾಪಲ್ಲೂ ಒಂದಕ್ಷರ ಇಲ್ಲ, ಈಗ ಫೋನ್ ಎತ್ತಲ್ಲ, ಕನ್ಸ್ಯೂಮರ್ ಕೋರ್ಟಿಗೆ ಹೋಗೋಣ ಅಂದ್ರೂ ತೋರಿಸೋಕೆ ಕೈಯಲ್ಲಿ ಫೀಸ್ ರಸೀದಿ ಬಿಟ್ರೆ ಬೇರೇನೂ ಇಲ್ಲ.